ಲೂಯಿಸ್ ಸ್ಟ್ರಕ್ಚರ್ ಉರು ಹೊಡೀಬೇಡಿ, ಎಲೆಕ್ಟ್ರಾನ್ ಎಣಿಸಿ: ಫಸ್ಟ್ ಪಿಯು ಹುಡುಗರಿಗೆ ಪೂರ್ತಿ ಗೈಡ್

ಕೆಮಿಕಲ್ ಬಾಂಡಿಂಗ್ ಚಾಪ್ಟರ್ ಶುರುವಾದ ತಕ್ಷಣ ಹುಡುಗ್ರು ಮಾಡೋ ಕೆಲಸ ಒಂದೇ, ನೀರು, ಅಮೋನಿಯಾ, ಕಾರ್ಬನ್ ಡೈಆಕ್ಸೈಡ್, ನೈಟ್ರೇಟ್ ಅಂತ ಹತ್ತು ಹನ್ನೆರಡು ಲೂಯಿಸ್ ಸ್ಟ್ರಕ್ಚರ್, ಅಂದ್ರೆ ಯಾವ ಆಟಮ್ ಯಾವುದಕ್ಕೆ ಅಂಟಿದೆ, ಎಲೆಕ್ಟ್ರಾನ್ ಎಲ್ಲೆಲ್ಲಿದೆ ಅಂತ ತೋರ್ಸೋ ಚಿತ್ರ, ನೋಟ್ಸಿಗೆ ಇಳಿಸ್ಕೊಂಡು ಉರು ಹೊಡೆಯೋದು. ಆ ಹತ್ತರಲ್ಲೇ ಒಂದು ಪೇಪರ್‌ಗೆ ಬಂದ್ರೆ ಬಚಾವ್, ಹನ್ನೊಂದನೇದು ಬಂತು ಅಂದ್ರೆ ಪೆನ್ನು ಅಲ್ಲೇ ನಿಂತೋಗುತ್ತೆ. ನನ್ನ ಕೇಳಿದ್ರೆ ಈ ಟಾಪಿಕ್‌ನಲ್ಲಿ ಬಾಯಿಪಾಠ ಮಾಡೋಕೆ ಅಂತ ಇರೋದು ಯಾವ ಆಟಮ್‌ಗೆ ಎಷ್ಟು ವೇಲೆನ್ಸ್ ಎಲೆಕ್ಟ್ರಾನ್ (ಆಟಮ್‌ನ ಹೊರಗಿನ ಕವಚದಲ್ಲಿರೋ ಎಲೆಕ್ಟ್ರಾನ್) ಅನ್ನೋದು ಮಾತ್ರ, ಉಳಿದಿದ್ದೆಲ್ಲ ಕೂಡೋದು, ಕಳೆಯೋದು, ಎರಡರಿಂದ ಭಾಗಿಸೋದು. ಆಗೋ ತಪ್ಪುಗಳೂ ಅಷ್ಟೇ, ಕೆಮಿಸ್ಟ್ರಿ ಗೊತ್ತಿಲ್ದೆ ಆಗೋದು ಕಮ್ಮಿ, ಎಣಿಕೆ ತಪ್ಪಿ ಆಗೋದೇ ಜಾಸ್ತಿ.

ಒಂದು ಮಾತು ಮೊದಲೇ ಹೇಳ್ಬಿಡ್ತೀನಿ, ನೋಟ್‌ಬುಕ್ಕಲ್ಲಿ ನೀವು ಸಿಂಬಲ್ ಹೇಗೆ ಬರೀತೀರೋ ಹಾಗೇ ಬರೀರಿ, ಇಲ್ಲಿ ನಾನು ಅದನ್ನೇ ಬಾಯಲ್ಲಿ ಹೇಳೋ ಥರ ಎಚ್, ಓ, ಸಿ, ಎನ್ ಅಂತ ಹಾಕ್ತೀನಿ. ಗೆರೆ ಅಂದ್ರೆ ಒಂದು ಬಾಂಡ್, ಅದರಲ್ಲಿ 2 ಎಲೆಕ್ಟ್ರಾನ್. ಚುಕ್ಕಿ ಅಂದ್ರೆ ಬಾಂಡ್‌ಗೆ ಹೋಗದೆ ಒಂದೇ ಆಟಮ್ ಮೇಲೆ ಉಳ್ಕೊಂಡಿರೋ ಎಲೆಕ್ಟ್ರಾನ್, ಎರಡು ಚುಕ್ಕಿ ಜೊತೆಗಿದ್ರೆ ಒಂದು ಲೋನ್ ಪೇರ್. ಇಷ್ಟೇ ಭಾಷೆ.

ಎಂಟೇ ಯಾಕೆ?

ಈ ಚುಕ್ಕಿ ಹಾಕೋ ಪದ್ಧತಿ ತಂದಿದ್ದು ಗಿಲ್ಬರ್ಟ್ ನ್ಯೂಟನ್ ಲೂಯಿಸ್, ಅಮೆರಿಕದ ಕೆಮಿಸ್ಟ್, ಹೆಚ್ಚಿನ ಕಾಲ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಪ್ರೊಫೆಸರ್ ಆಗಿದ್ದೋರು. 1902ರಷ್ಟೊತ್ತಿಗೇ ಆಟಮ್‌ನ ಒಂದು ಕ್ಯೂಬ್ ಥರ ಗೀಚಿ ಅದರ ಮೂಲೆ ಮೂಲೆಗೆ ಒಂದೊಂದು ಎಲೆಕ್ಟ್ರಾನ್ ಇಟ್ಟು ನೋಡ್ತಿದ್ರು, ಕ್ಯೂಬ್‌ಗೆ ಮೂಲೆ 8, ಅಷ್ಟೂ ತುಂಬಿದ್ರೆ ಆಟಮ್ ತಣ್ಣಗಿರುತ್ತೆ ಅಂತ. 1916ರಲ್ಲಿ ಬಂದ ಪೇಪರ್‌ನಲ್ಲಿ ಅಸಲಿ ವಿಷಯ ಹೇಳಿದ್ರು, ಎರಡು ಆಟಮ್ ಸೇರಿ ಒಂದು ಜೋಡಿ ಎಲೆಕ್ಟ್ರಾನ್ ಹಂಚ್ಕೊಂಡ್ರೆ ಅದೇ ಬಾಂಡ್. ಅದಕ್ಕೆ ಕೋವೇಲೆಂಟ್ ಅಂತ ಹೆಸರಿಟ್ಟಿದ್ದು ಮಾತ್ರ 1919ರಲ್ಲಿ ಇರ್ವಿಂಗ್ ಲ್ಯಾಂಗ್‌ಮೂರ್. ಲ್ಯಾಂಗ್‌ಮೂರ್‌ಗೆ ಬೇರೆ ಕೆಲಸಕ್ಕೆ 1932ರಲ್ಲಿ ನೊಬೆಲ್ ಬಂತು, ಲೂಯಿಸ್‌ಗೆ ಎಷ್ಟೋ ಸಲ ನಾಮಿನೇಷನ್ ಆಗಿ ಕೊನೆಗೂ ಬರ್ಲೇ ಇಲ್ಲ. ನೊಬೆಲ್ ಕಮಿಟಿ ಮೇಲೆ ಕೆಮಿಸ್ಟ್ರಿ ಜನಕ್ಕೆ ಇವತ್ತಿಗೂ ಇರೋ ಸಿಟ್ಟುಗಳಲ್ಲಿ ಇದೂ ಒಂದು.

ನೆನಪಿಡ್ಬೇಕಾದ್ದು ಏನಂದ್ರೆ, ಎಲೆಕ್ಟ್ರಾನ್ ನಡವಳಿಕೆನ ಗಣಿತದಲ್ಲಿ ಹೇಳೋ ಷ್ರೋಡಿಂಗರ್ ಸಮೀಕರಣ ಬಂದಿದ್ದು 1926ರಲ್ಲಿ, ಅದಕ್ಕೂ ಹತ್ತು ವರ್ಷ ಮೊದಲು ಪೆನ್ಸಿಲ್ಲು ಪೇಪರ್‌ನಲ್ಲಿ ಕಟ್ಟಿದ ಮಾದರಿ ಇದು. ಹಾಗಾಗಿ ಎಲ್ಲಾ ಕಡೆ ಒಪ್ಪಲ್ಲ, ಎಲ್ಲಿ ಒಪ್ಪಲ್ಲ ಅಂತ ಮುಂದೆ ಹೇಳ್ತೀನಿ. ಆದ್ರೆ ಕಾರ್ಬನ್, ನೈಟ್ರೋಜನ್, ಆಕ್ಸಿಜನ್, ಫ್ಲೋರಿನ್ ಈ ನಾಲ್ಕರ ವಿಷಯಕ್ಕೆ ಬಂದ್ರೆ ಎಂಟರ ರೂಲ್, ಅಂದ್ರೆ ಬಾಂಡ್‌ದೂ ಸೇರಿ ಆಟಮ್ ಸುತ್ತ 8 ವೇಲೆನ್ಸ್ ಎಲೆಕ್ಟ್ರಾನ್ ಇರ್ಬೇಕು ಅನ್ನೋದು, ಭಾಳ ಗಟ್ಟಿ. ಈ ನಾಲ್ಕು ಎಂಟು ದಾಟೋದೇ ಇಲ್ಲ, ಇದನ್ನ ಗೋಡೆ ಮೇಲೆ ಬರೆದಿಟ್ಕೊಳ್ಳಿ.

ಮೊದಲನೇ ಹೆಜ್ಜೆ: ಒಟ್ಟು ಎಷ್ಟಿದೆ?

ಪೀರಿಯಾಡಿಕ್ ಟೇಬಲ್‌ನ ಗ್ರೂಪ್ ನಂಬರ್ ನೋಡಿ, 13ರಿಂದ 18ರ ತನಕ ಆದ್ರೆ ಕೊನೇ ಅಂಕಿನೇ ಉತ್ತರ. ಹೈಡ್ರೋಜನ್‌ಗೆ 1, ಬೆರಿಲಿಯಂಗೆ 2, ಬೋರಾನ್‌ಗೆ 3, ಕಾರ್ಬನ್‌ಗೆ 4, ನೈಟ್ರೋಜನ್ ಮತ್ತೆ ಫಾಸ್ಫರಸ್‌ಗೆ 5, ಆಕ್ಸಿಜನ್ ಸಲ್ಫರ್‌ಗೆ 6, ಫ್ಲೋರಿನ್ ಕ್ಲೋರಿನ್ ಬ್ರೋಮಿನ್ ಅಯೋಡಿನ್‌ಗೆ 7, ಜೆನಾನ್‌ಗೆ 8. ಮಾಲಿಕ್ಯೂಲ್‌ನಲ್ಲಿರೋ ಎಲ್ಲಾ ಆಟಮ್‌ದೂ ಕೂಡಿ.

ಅಯಾನ್ ಆದ್ರೆ ಚಾರ್ಜ್ ಲೆಕ್ಕ ಹಿಡೀಬೇಕು, ಮೈನಸ್ ಚಾರ್ಜ್ ಇದ್ರೆ ಅಷ್ಟು ಎಲೆಕ್ಟ್ರಾನ್ ಜಾಸ್ತಿ ಬಂದಿದೆ ಅಂತ, ಕೂಡಿ. ಪ್ಲಸ್ ಇದ್ರೆ ಹೋಗಿದೆ ಅಂತ, ಕಳೀರಿ. ಮೈನಸ್ ನೋಡಿದ ಕೂಡ್ಲೇ ಕೈ ತಾನಾಗೇ ಕಳೆಯೋಕೆ ಹೋಗುತ್ತೆ, ಅರ್ಧ ಕ್ಲಾಸ್ ಇಲ್ಲೇ ಬೀಳೋದು. ನೈಟ್ರೇಟ್ ಅಯಾನ್‌ಗೆ 5, ಮೂರು ಆಕ್ಸಿಜನ್‌ಗೆ 18, ಮೈನಸ್ ಚಾರ್ಜ್‌ಗೆ 1, ಒಟ್ಟು 24. ಅಮೋನಿಯಂಗೆ 5, ನಾಲ್ಕು ಹೈಡ್ರೋಜನ್‌ಗೆ 4, ಪ್ಲಸ್ ಚಾರ್ಜ್ ಇರೋದ್ರಿಂದ 1 ಕಳೆದ್ರೆ 8.

ಈ ಒಟ್ಟು ಸಂಖ್ಯೆನ ಪೇಜ್ ಮೇಲ್ಗಡೆ ಬರೆದು ಸುತ್ತ ಒಂದು ರೌಂಡ್ ಹಾಕಿ. ಚಿತ್ರ ಮುಗಿದ ಮೇಲೆ ಗೆರೆಗಳನ್ನ ಎರಡೆರಡು ಅಂತ, ಚುಕ್ಕಿಗಳನ್ನ ಒಂದೊಂದು ಅಂತ ಎಣಿಸಿದಾಗ ಇದೇ ಸಂಖ್ಯೆ ಬರಬೇಕು, ಒಂದು ಹೆಚ್ಚಿಲ್ಲ ಒಂದು ಕಮ್ಮಿ ಇಲ್ಲ. ಯಾವ ಆಟಮ್‌ನಿಂದ ಯಾವ ಎಲೆಕ್ಟ್ರಾನ್ ಬಂತು ಅಂತ ತಲೆ ಕೆಡಿಸ್ಕೊಳ್ಳೋದೇ ಬೇಡ. ಹೈಸ್ಕೂಲಲ್ಲಿ ಒಂದಕ್ಕೆ ಚುಕ್ಕಿ ಇನ್ನೊಂದಕ್ಕೆ ಇಂಟು ಮಾರ್ಕ್ ಹಾಕಿಸ್ತಾರೆ, ಅದು ಶುರುವಲ್ಲಿ ಅರ್ಥ ಆಗ್ಲಿ ಅಂತ, ದೊಡ್ಡ ಮಾಲಿಕ್ಯೂಲ್‌ಗೆ ಅದನ್ನೇ ಹಿಡ್ಕೊಂಡು ಹೋದ್ರೆ ದಾರಿ ತಪ್ಪುತ್ತೆ.

ಎರಡನೇ ಹೆಜ್ಜೆ: ಮಧ್ಯದಲ್ಲಿ ಯಾರು?

ಸಾಮಾನ್ಯವಾಗಿ ಎಲೆಕ್ಟ್ರೋನೆಗೆಟಿವಿಟಿ (ಬಾಂಡ್‌ನ ಎಲೆಕ್ಟ್ರಾನ್‌ನ ತನ್ನ ಕಡೆ ಎಳ್ಕೊಳ್ಳೋ ಶಕ್ತಿ) ಕಮ್ಮಿ ಇರೋ ಆಟಮ್ ಮಧ್ಯದಲ್ಲಿ. ಹೈಡ್ರೋಜನ್ ಯಾವತ್ತೂ ಮಧ್ಯಕ್ಕೆ ಬರಲ್ಲ, ಅದಕ್ಕೆ ಒಂದೇ ಬಾಂಡ್ ಮಾಡೋಕಾಗೋದು. ಫ್ಲೋರಿನ್ನೂ ಅಂಚಿನಲ್ಲೇ. ಫಾರ್ಮುಲಾದಲ್ಲಿ ಒಂದೇ ಒಂದು ಸಲ ಬಂದಿರೋ ಆಟಮ್ ಹೆಚ್ಚಾಗಿ ಮಧ್ಯದ್ದಾಗಿರುತ್ತೆ, ಇದು ಶಾರ್ಟ್‌ಕಟ್, ನೂರಕ್ಕೆ ನೂರು ಅಲ್ಲ.

ಎಡವೋ ಜಾಗಗಳು ಇಲ್ಲಿವೆ ನೋಡಿ. ನೈಟ್ರಸ್ ಆಕ್ಸೈಡ್‌ನಲ್ಲಿ ಎರಡು ನೈಟ್ರೋಜನ್ ಒಂದು ಆಕ್ಸಿಜನ್, ಒಂದೇ ಇರೋದು ಆಕ್ಸಿಜನ್ ಅಂತ ಮಧ್ಯಕ್ಕೆ ಹಾಕಿದ್ರೆ ತಪ್ಪು, ನಿಜವಾದ ಸಾಲು ಎನ್–ಎನ್–ಓ, ಯಾಕಂದ್ರೆ ಆಕ್ಸಿಜನ್‌ಗಿಂತ ನೈಟ್ರೋಜನ್‌ದು ಎಲೆಕ್ಟ್ರೋನೆಗೆಟಿವಿಟಿ ಕಮ್ಮಿ. ಹೈಪೋಕ್ಲೋರಸ್ ಆಸಿಡ್‌ನ ಫಾರ್ಮುಲಾ ಎಚ್, ಸಿಎಲ್, ಓ ಅನ್ನೋ ಕ್ರಮದಲ್ಲಿ ಬರೀತಾರೆ ಅಂತ ಕ್ಲೋರಿನ್ ಮಧ್ಯ ಹಾಕ್ಬೇಡಿ, ಅಲ್ಲಿ ಹೈಡ್ರೋಜನ್ ಇರೋದು ಆಕ್ಸಿಜನ್ ಮೇಲೆ, ಎಚ್–ಓ–ಸಿಎಲ್. ನೈಟ್ರಿಕ್, ಸಲ್ಫ್ಯೂರಿಕ್, ಫಾಸ್ಫಾರಿಕ್ ಇಂಥ ಆಕ್ಸಿ ಆಸಿಡ್‌ಗಳಲ್ಲೂ ಹೈಡ್ರೋಜನ್ ಆಕ್ಸಿಜನ್‌ಗೇ ಅಂಟ್ಕೊಂಡಿರುತ್ತೆ. ಇದಕ್ಕೊಂದು ತರಲೆ ಅಪವಾದ ಫಾಸ್ಫರಸ್ ಆಸಿಡ್, ಎಚ್ ಮೂರು, ಪಿ ಒಂದು, ಓ ಮೂರು. ಅದರಲ್ಲಿ ಎರಡು ಹೈಡ್ರೋಜನ್ ಆಕ್ಸಿಜನ್ ಮೇಲೆ, ಮೂರನೇದು ನೇರವಾಗಿ ಫಾಸ್ಫರಸ್ ಮೇಲೆ. ಅದಕ್ಕೇ ಮೂರು ಹೈಡ್ರೋಜನ್ ಇದ್ರೂ ಆ ಆಸಿಡ್ ಎರಡನ್ನೇ ಬಿಟ್ಕೊಡೋದು. ಇದನ್ನ ಎಂಟ್ರೆನ್ಸ್ ಪೇಪರ್ ಮಾಡೋರಿಗೆ ಕೇಳೋಕೆ ಭಾಳ ಇಷ್ಟ.

ಮೂರನೇ ಹೆಜ್ಜೆ: ಬೇಕಾಗಿರೋದು ಮೈನಸ್ ಇರೋದು

ಪುಸ್ತಕದಲ್ಲಿ ಹೇಳೋದು, ಮೊದಲು ಎಲ್ಲಾ ಕಡೆ ಸಿಂಗಲ್ ಬಾಂಡ್ ಹಾಕಿ, ಆಮೇಲೆ ಹೊರಗಿನ ಆಟಮ್‌ಗಳಿಗೆ ಎಂಟು ತುಂಬಿಸಿ, ಉಳಿದಿದ್ದು ಮಧ್ಯಕ್ಕೆ, ಮಧ್ಯದ್ದಕ್ಕೆ ಎಂಟು ಆಗ್ಲಿಲ್ಲ ಅಂದ್ರೆ ಪಕ್ಕದವರ ಲೋನ್ ಪೇರ್ ಎಳ್ಕೊಂಡು ಡಬಲ್, ಟ್ರಿಪಲ್ ಬಾಂಡ್ ಮಾಡಿ ಅಂತ. ತಪ್ಪೇನಿಲ್ಲ, ಅದೂ ಕೆಲಸ ಮಾಡುತ್ತೆ. ಆದ್ರೆ ಹಾಕೋದು ಅಳಿಸೋದು ಹಾಕೋದು ಅಳಿಸೋದು ಅಂತ ಪೇಪರ್ ತೂತಾಗುತ್ತೆ. ನಾನು ಹೇಳ್ಕೊಡೋದು ಬಾಂಡ್ ಎಷ್ಟು ಅಂತ ಮೊದಲೇ ಕಂಡ್ಹಿಡ್ಕೊಳ್ಳೋ ದಾರಿ.

ಪ್ರತಿ ಆಟಮ್‌ಗೂ 8 ಬೇಕು, ಹೈಡ್ರೋಜನ್‌ಗೆ 2 ಸಾಕು, ಇದನ್ನ ಕೂಡಿದ್ರೆ ಬೇಕಾಗಿರೋದು. ಮೊದಲ ಹೆಜ್ಜೆಯಲ್ಲಿ ರೌಂಡ್ ಹಾಕಿದ್ದು ಇರೋದು. ಬೇಕಾಗಿರೋದ್ರಿಂದ ಇರೋದು ಕಳೆದ್ರೆ ಹಂಚ್ಕೊಳ್ಳಬೇಕಾದ ಎಲೆಕ್ಟ್ರಾನ್ ಸಿಗುತ್ತೆ, ಅದರಲ್ಲಿ ಅರ್ಧ ಮಾಡಿದ್ರೆ ಬಾಂಡ್‌ಗಳ ಸಂಖ್ಯೆ. ಯಾಕೆ ಹೀಗೆ ಅಂದ್ರೆ, ಹಂಚ್ಕೊಂಡ ಪ್ರತಿ ಎಲೆಕ್ಟ್ರಾನೂ ಎರಡು ಕಡೆ ಲೆಕ್ಕಕ್ಕೆ ಬರುತ್ತೆ, ಹಾಗಾಗಿ ಎಷ್ಟು ಕೊರತೆ ಬಿದ್ದಿದ್ಯೋ ಅಷ್ಟನ್ನ ಹಂಚ್ಕೊಂಡ್ರೆ ಸರಿಹೋಗುತ್ತೆ.

ನೀರು ತಗೊಳ್ಳಿ. ಬೇಕಾಗಿರೋದು 8+2+2, ಅಂದ್ರೆ 12. ಇರೋದು 6+1+1, 8. ವ್ಯತ್ಯಾಸ 4, ಬಾಂಡ್ 2. ಎಚ್–ಓ–ಎಚ್. ಬಾಂಡ್‌ಗೆ ಹೋಗಿದ್ದು 4, ಉಳಿದಿದ್ದು 4, ಅಷ್ಟೂ ಆಕ್ಸಿಜನ್ ಮೇಲೆ ಎರಡು ಲೋನ್ ಪೇರ್ ಆಗಿ ಕೂರುತ್ತೆ. ಅಮೋನಿಯಾಗೆ 14 ಬೇಕು, 8 ಇದೆ, 6ರಲ್ಲಿ ಅರ್ಧ 3 ಬಾಂಡ್, ಉಳಿದ 2 ನೈಟ್ರೋಜನ್ ಮೇಲೆ. ನೈಟ್ರೋಜನ್ ಮಾಲಿಕ್ಯೂಲ್‌ಗೆ 16 ಬೇಕು, 10 ಇದೆ, ಮತ್ತೆ 3 ಬಾಂಡ್, ಆದ್ರೆ ಇರೋದು ಎರಡೇ ಆಟಮ್, ಹಾಗಾಗಿ ಮೂರೂ ಅವೆರಡರ ಮಧ್ಯೆನೇ, ಎನ್≡ಎನ್. ಗಾಳಿಯಲ್ಲಿ ಅಷ್ಟೊಂದು ನೈಟ್ರೋಜನ್ ಇದ್ರೂ ಗಿಡಕ್ಕೆ ನೇರ ಸಿಗದೆ ಇರೋಕೆ ಈ ಮೂರು ಗೆರೆನೇ ಕಾರಣ, ಒಂದು ಮೋಲ್ ಒಡೆಯೋಕೆ ಸುಮಾರು 946 ಕಿಲೋಜೂಲ್ ಬೇಕು.

ಹೈಡ್ರೋಜನ್ ಸಯನೈಡ್‌ನಲ್ಲಿ 18 ಬೇಕು, 10 ಇದೆ, 4 ಬಾಂಡ್. ಹೈಡ್ರೋಜನ್‌ಗೆ ಒಂದು ಕೊಟ್ರೆ ಉಳಿದ ಮೂರು ಕಾರ್ಬನ್ ನೈಟ್ರೋಜನ್ ಮಧ್ಯೆ, ಎಚ್–ಸಿ≡ಎನ್, ಉಳಿದ 2 ಚುಕ್ಕಿ ನೈಟ್ರೋಜನ್ ಮೇಲೆ. ಒಂದು ಸಲನೂ ಅಳಿಸ್ಲಿಲ್ಲ ನೋಡಿ.

ಕಾರ್ಬನ್ ಡೈಆಕ್ಸೈಡ್‌ಗೆ ಬಂದ್ರೆ 24 ಬೇಕು, 16 ಇದೆ, 4 ಬಾಂಡ್. ಕಾರ್ಬನ್‌ನ ಎರಡು ಕಡೆ ಆಕ್ಸಿಜನ್, ನಾಲ್ಕು ಗೆರೆನ ಎರಡು ಎರಡು ಅಂತ ಹಾಕಬಹುದು, ಓ=ಸಿ=ಓ. ಒಂದು ಮೂರು ಅಂತಾನೂ ಹಾಕಬಹುದು, ಓ–ಸಿ≡ಓ. ಎರಡರಲ್ಲೂ ಎಲ್ಲರಿಗೂ ಎಂಟು ತುಂಬುತ್ತೆ, ಎರಡರಲ್ಲೂ ಒಟ್ಟು 16 ಬರುತ್ತೆ. ಹಾಗಾದ್ರೆ ಯಾವುದು ಸರಿ ಅನ್ನೋಕೆ ಇನ್ನೊಂದು ಅಸ್ತ್ರ ಬೇಕು.

ನಾಲ್ಕನೇ ಹೆಜ್ಜೆ: ಫಾರ್ಮಲ್ ಚಾರ್ಜ್

ಫಾರ್ಮಲ್ ಚಾರ್ಜ್ ಅಂದ್ರೆ ಬಾಂಡ್‌ನ ಎಲೆಕ್ಟ್ರಾನ್ ಅರ್ಧ ಅರ್ಧ ಹಂಚಿದ್ರೆ ಒಂದೊಂದು ಆಟಮ್ ಪಾಲಿಗೆ ಬರೋ ಚಾರ್ಜ್. ಪುಸ್ತಕದ ಫಾರ್ಮುಲಾ ಉದ್ದಕ್ಕಿದೆ, ಅದನ್ನ ಸಣ್ಣದು ಮಾಡಿದ್ರೆ ಇಷ್ಟೇ: ಆ ಆಟಮ್‌ನ ವೇಲೆನ್ಸ್ ಎಲೆಕ್ಟ್ರಾನ್, ಮೈನಸ್ ಅದರ ಮೇಲಿರೋ ಚುಕ್ಕಿ, ಮೈನಸ್ ಅದಕ್ಕೆ ಬಂದು ತಾಗೋ ಗೆರೆ. ವೇಲೆನ್ಸ್, ಚುಕ್ಕಿ, ಗೆರೆ. ಪ್ರತಿ ಆಟಮ್‌ಗೂ ಮಾಡಿ.

ಇಲ್ಲೇ ಜನ ಗೊಂದಲ ಮಾಡ್ಕೊಳ್ಳೋದು. ಎಂಟು ತುಂಬಿದ್ಯಾ ಅಂತ ನೋಡೋವಾಗ ಒಂದು ಗೆರೆಗೆ 2 ಅಂತ ಎಣಿಸಿದ್ವಿ, ಈಗ ಫಾರ್ಮಲ್ ಚಾರ್ಜ್‌ಗೆ 1 ಅಂತೀವಿ, ಯಾಕೆ? ಎರಡು ಮನೆ ಮಧ್ಯದ ಕಾಂಪೌಂಡ್ ಗೋಡೆ ಇರುತ್ತಲ್ಲ, ಯಾರನ್ನ ಕೇಳಿದ್ರೂ ನಮ್ಮ ಗೋಡೆ ಅಂತಾನೇ ಹೇಳೋದು, ಎರಡೂ ಮನೆಗೆ ಪೂರ್ತಿ ಗೋಡೆ ಇದೆ, ಆದ್ರೆ ಕಟ್ಟಿಸಿದ ಖರ್ಚು ಹಂಚೋವಾಗ ಅರ್ಧ ಅರ್ಧ. ಎಂಟರ ಲೆಕ್ಕ ಅಂದ್ರೆ ಗೋಡೆ ಇದ್ಯಾ ಅನ್ನೋ ಪ್ರಶ್ನೆ, ಫಾರ್ಮಲ್ ಚಾರ್ಜ್ ಅಂದ್ರೆ ಖರ್ಚಿನ ಲೆಕ್ಕ. ಇವೆರಡನ್ನ ಒಂದೇ ಸಲಕ್ಕೆ ಮಾಡೋಕೆ ಹೋಗ್ಬೇಡಿ, ಒಂದು ಮುಗಿಸಿ ಇನ್ನೊಂದು.

ಈಗ ಓ–ಸಿ≡ಓ ನೋಡಿ. ಸಿಂಗಲ್ ಬಾಂಡ್ ಇರೋ ಆಕ್ಸಿಜನ್ ಮೇಲೆ 6 ಚುಕ್ಕಿ, 1 ಗೆರೆ, 6ರಲ್ಲಿ 7 ಕಳೆದ್ರೆ –1. ಕಾರ್ಬನ್‌ಗೆ ಚುಕ್ಕಿ ಇಲ್ಲ, 4 ಗೆರೆ, ಸೊನ್ನೆ. ಟ್ರಿಪಲ್ ಕಡೆ ಆಕ್ಸಿಜನ್‌ಗೆ 2 ಚುಕ್ಕಿ, 3 ಗೆರೆ, +1. ಅದೇ ಓ=ಸಿ=ಓ ಆದ್ರೆ ಮೂರಕ್ಕೂ ಸೊನ್ನೆ. ಚಾರ್ಜ್ ಎಷ್ಟು ಕಮ್ಮಿ ಇದ್ರೆ ಅಷ್ಟು ಒಳ್ಳೇ ಸ್ಟ್ರಕ್ಚರ್, ಚಾರ್ಜ್ ಇರ್ಲೇಬೇಕು ಅಂದ್ರೆ ಮೈನಸ್ಸು ಎಲೆಕ್ಟ್ರೋನೆಗೆಟಿವಿಟಿ ಜಾಸ್ತಿ ಇರೋ ಆಟಮ್ ಮೇಲೆ ಇರ್ಲಿ, ಒಂದೇ ಥರದ ಚಾರ್ಜ್ ಅಕ್ಕಪಕ್ಕ ಬೇಡ. ಹಾಗಾಗಿ ಡಬಲ್ ಡಬಲ್ ಗೆದ್ದಿತು.

ಇನ್ನೊಂದು ಚೆಕ್, ಎಲ್ಲಾ ಫಾರ್ಮಲ್ ಚಾರ್ಜ್ ಕೂಡಿದ್ರೆ ಮಾಲಿಕ್ಯೂಲ್‌ನ ಒಟ್ಟು ಚಾರ್ಜ್ ಬರ್ಬೇಕು. ನೈಟ್ರೇಟ್ ಬರೆದು ಕೂಡಿದಾಗ –1 ಬರ್ಲಿಲ್ಲ ಅಂದ್ರೆ ಎಲ್ಲೋ ಚುಕ್ಕಿ ಬಿಟ್ಟೋಗಿದೆ, ಮೇಲೆ ರೌಂಡ್ ಹಾಕಿದ ಸಂಖ್ಯೆಗೆ ವಾಪಸ್ ಹೋಗಿ.

ಕಾರ್ಬನ್ ಮಾನಾಕ್ಸೈಡ್, ವಿಚಿತ್ರ ಅನ್ನಿಸಿದ್ರೂ ಸರಿನೇ

16 ಬೇಕು, 10 ಇದೆ, 3 ಬಾಂಡ್. :ಸಿ≡ಓ: ಅಂತ ಎರಡೂ ಕಡೆ ಒಂದೊಂದು ಲೋನ್ ಪೇರ್. ಈಗ ಚಾರ್ಜ್ ಹಾಕಿ, ಕಾರ್ಬನ್‌ಗೆ 4–2–3, ಅಂದ್ರೆ –1. ಆಕ್ಸಿಜನ್‌ಗೆ 6–2–3, ಅಂದ್ರೆ +1. ಆಕ್ಸಿಜನ್‌ಗೆ ಪ್ಲಸ್ಸಾ ಅಂತ ಗಾಬರಿಯಾಗಿ ಹುಡುಗ್ರು ಒಂದು ಗೆರೆ ಅಳಿಸಿ ಡಬಲ್ ಬಾಂಡ್ ಮಾಡ್ಬಿಡ್ತಾರೆ, ಆಗ ಚಾರ್ಜ್ ಏನೋ ಸೊನ್ನೆ ಆಗುತ್ತೆ, ಆದ್ರೆ ಕಾರ್ಬನ್‌ಗೆ ಬರೀ 6 ಎಲೆಕ್ಟ್ರಾನ್. ಬೇಡ, ಹಾಗೇ ಬಿಡಿ. ಎಂಟು ತುಂಬೋದಕ್ಕೆ ಮೊದಲ ಪ್ರಾಶಸ್ತ್ಯ, ಆಮೇಲೆ ಚಾರ್ಜ್.

ಇದು ಬರೀ ಪೇಪರ್ ಮೇಲಿನ ಆಟ ಅಲ್ಲ ಅನ್ನೋದಕ್ಕೆ ಸಾಕ್ಷಿನೂ ಇದೆ. ಅಳತೆ ಮಾಡಿ ನೋಡಿದ್ರೆ ಈ ಮಾಲಿಕ್ಯೂಲ್‌ನ ಡೈಪೋಲ್, ಅಂದ್ರೆ ಪ್ಲಸ್ ಮೈನಸ್ ಚಾರ್ಜ್ ಎರಡು ತುದಿಗೆ ಎಷ್ಟು ಬೇರೆಯಾಗಿದೆ ಅನ್ನೋ ಅಳತೆ, ತುಂಬಾನೇ ಸಣ್ಣದು, 0.11 ಡಿಬೈ ಅಷ್ಟೇ, ಅದರಲ್ಲೂ ಮೈನಸ್ ತುದಿ ಕಾರ್ಬನ್ ಕಡೆಗೇ ಇದೆ. ಗೀಸರ್ ಗ್ಯಾಸ್ ಸರಿಯಾಗಿ ಉರೀದೆ ಬಚ್ಚಲುಮನೆಯಲ್ಲಿ ಜನ ಸತ್ತ ಸುದ್ದಿ ಓದ್ತೀವಲ್ಲ, ಅಲ್ಲಿ ಹಿಮೋಗ್ಲೋಬಿನ್‌ನ ಕಬ್ಬಿಣಕ್ಕೆ ಹೋಗಿ ಅಂಟ್ಕೊಳ್ಳೋದು ಕಾರ್ಬನ್ ಮೇಲಿರೋ ಇದೇ ಲೋನ್ ಪೇರ್ ಮೂಲಕ, ಆಕ್ಸಿಜನ್ ಕಡೆಯಿಂದ ಅಲ್ಲ.

ಒಂದೇ ಚಿತ್ರ ಸಾಲದಿದ್ದಾಗ

ಓಝೋನ್‌ಗೆ 24 ಬೇಕು, 18 ಇದೆ, 3 ಬಾಂಡ್. ಮಧ್ಯದ ಆಕ್ಸಿಜನ್‌ಗೆ ಎರಡು ಕಡೆ, ಮೂರು ಗೆರೆ, ಅಂದ್ರೆ ಒಂದು ಕಡೆ ಡಬಲ್ ಒಂದು ಕಡೆ ಸಿಂಗಲ್. ಯಾವ ಕಡೆ ಡಬಲ್? ಎಡಕ್ಕೂ ಹಾಕಬಹುದು ಬಲಕ್ಕೂ ಹಾಕಬಹುದು. ಫಾರ್ಮಲ್ ಚಾರ್ಜ್ ಎರಡರಲ್ಲೂ ಒಂದೇ, ಡಬಲ್ ಕಡೆ 0, ಮಧ್ಯ +1, ಸಿಂಗಲ್ ಕಡೆ –1, ಹಾಗಾಗಿ ಈ ಸಲ ಅದು ತೀರ್ಪು ಕೊಡಲ್ಲ. ಅಳತೆ ಏನ್ ಹೇಳುತ್ತೆ ಅಂದ್ರೆ ಎರಡೂ ಬಾಂಡ್ ಒಂದೇ ಉದ್ದ, 128 ಪಿಕೋಮೀಟರ್, ಆಕ್ಸಿಜನ್ ಆಕ್ಸಿಜನ್ ಸಿಂಗಲ್ ಬಾಂಡ್‌ದು 148, ಡಬಲ್‌ದು 121, ಇದು ಅವೆರಡರ ಮಧ್ಯದಲ್ಲಿ. ಅಂದ್ರೆ ನಿಜವಾದ ಮಾಲಿಕ್ಯೂಲ್ ಎರಡೂ ಚಿತ್ರದ ಮಿಶ್ರಣ, ಅದಕ್ಕೇ ಎರಡನ್ನೂ ಬರೆದು ಮಧ್ಯೆ ಎರಡು ತುದಿ ಇರೋ ಬಾಣ ಹಾಕೋದು. ಈ ಕ್ಷಣ ಇದು, ಮುಂದಿನ ಕ್ಷಣ ಅದು ಅಂತ ಅದಲು ಬದಲಾಗ್ತಾ ಇರುತ್ತೆ ಅಂತ ಮಾತ್ರ ಬರೀಬೇಡಿ, ವೈವಾದಲ್ಲಿ ಹಾಗೆ ಹೇಳಿದ್ರೆ ಎಕ್ಸಾಮಿನರ್ ಮುಖ ಸಪ್ಪಗಾಗುತ್ತೆ. ಯಾವಾಗ್ಲೂ ಇರೋದು ಆ ಮಿಶ್ರಣ ಒಂದೇ, ಅದನ್ನ ಒಂದು ಚಿತ್ರದಲ್ಲಿ ತೋರ್ಸೋಕಾಗದೆ ಇರೋದು ನಮ್ಮ ಗೆರೆ ಚುಕ್ಕಿಯ ಕೊರತೆ.

ನೈಟ್ರೇಟ್ ಮಾಡಿ ನೋಡೋಣ. 32 ಬೇಕು, 24 ಇದೆ, 4 ಬಾಂಡ್, ಮೂರು ಆಕ್ಸಿಜನ್. ಒಂದಕ್ಕೆ ಡಬಲ್, ಎರಡಕ್ಕೆ ಸಿಂಗಲ್. ನೈಟ್ರೋಜನ್ +1, ಸಿಂಗಲ್ ಆಕ್ಸಿಜನ್ ಎರಡಕ್ಕೂ –1, ಡಬಲ್‌ಗೆ 0, ಕೂಡಿದ್ರೆ –1, ಸರಿಹೋಯ್ತು. ಡಬಲ್ ಬಾಂಡ್ ಯಾರಿಗೆ ಬೇಕಾದ್ರೂ ಕೊಡಬಹುದು ಅಂದ್ಮೇಲೆ ಮೂರು ಚಿತ್ರ. ಇಲ್ಲಿ ನೈಟ್ರೋಜನ್ ಮೇಲಿನ +1 ತೆಗೀಬೇಕು ಅಂತ ಕೆಲವರು ಎರಡು ಆಕ್ಸಿಜನ್‌ಗೆ ಡಬಲ್ ಹಾಕ್ಬಿಡ್ತಾರೆ, ಆಗ ನೈಟ್ರೋಜನ್ ಸುತ್ತ ಗೆರೆ ಐದು, ಎಲೆಕ್ಟ್ರಾನ್ 10. ಮೊದಲೇ ಹೇಳಿದ್ನಲ್ಲ ಆ ನಾಲ್ಕು ಎಂಟು ದಾಟಲ್ಲ ಅಂತ, ಎಷ್ಟೇ ಚೆನ್ನಾಗಿ ಚಾರ್ಜ್ ಸೊನ್ನೆ ಮಾಡಿದ್ರೂ ಸೊನ್ನೆ ಮಾರ್ಕ್ಸ್. ಕಾರ್ಬೊನೇಟ್‌ಗೂ ಇದೇ 24, ಇದೇ ಚಿತ್ರ, ಮಧ್ಯದಲ್ಲಿ ಕಾರ್ಬನ್, ಒಟ್ಟು ಚಾರ್ಜ್ –2. ಅಯಾನ್ ಬರೆದಾಗ ಪೂರ್ತಿ ಚಿತ್ರಕ್ಕೆ ಚೌಕ ಬ್ರಾಕೆಟ್ ಹಾಕಿ ಹೊರಗಡೆ ಮೇಲ್ಮೂಲೇಲಿ ಚಾರ್ಜ್ ಬರೀಬೇಕು. ಅರ್ಧ ಮಾರ್ಕ್ಸ್ ಸುಮ್ಸುಮ್ನೆ ಹೋಗೋದು ಇಂಥದ್ರಲ್ಲೇ.

ರೂಲ್ ಮುರಿಯೋ ಮಂದಿ

ಬೇಕಾಗಿರೋದು ಮೈನಸ್ ಇರೋದು ಅನ್ನೋ ಲೆಕ್ಕದ ಒಂದು ಲಾಭ ಏನಂದ್ರೆ ಎಂಟರ ರೂಲ್ ಕೈ ಕೊಡೋ ಕಡೆ ಅದೇ ಹೆಚ್ಚಾಗಿ ಸುಳಿವು ಕೊಡುತ್ತೆ. ಸಲ್ಫರ್ ಹೆಕ್ಸಾಫ್ಲೋರೈಡ್ ತಗೊಳ್ಳಿ, ಏಳು ಆಟಮ್‌ಗೆ 56 ಬೇಕು, ಇರೋದು 6 ಮತ್ತೆ 42 ಸೇರಿ 48, 4 ಬಾಂಡ್ ಅನ್ನುತ್ತೆ ಲೆಕ್ಕ. ಆರು ಫ್ಲೋರಿನ್‌ನ ನಾಲ್ಕು ಬಾಂಡ್‌ನಲ್ಲಿ ಹೇಗ್ರೀ ಕಟ್ಟೋದು? ಬಾಂಡ್ ಸಂಖ್ಯೆ ಹೊರಗಿನ ಆಟಮ್‌ಗಳಿಗಿಂತ ಕಮ್ಮಿ ಬಂತು ಅಂದ್ರೆ ಮಧ್ಯದ ಆಟಮ್ ಎಂಟು ದಾಟಿದೆ ಅಂತ ಅರ್ಥ. ಆಗ ಪುಸ್ತಕದ ದಾರಿಗೆ ಬನ್ನಿ, ಎಲ್ಲರಿಗೂ ಒಂದೊಂದು ಗೆರೆ, ಹೊರಗಿನವರಿಗೆ ಎಂಟು ತುಂಬಿಸಿ, ಉಳಿದಿದ್ದು ಮಧ್ಯಕ್ಕೆ. ಫಾಸ್ಫರಸ್ ಪೆಂಟಾಕ್ಲೋರೈಡ್ ಕೂಡ ಹೀಗೇ.

ಜೆನಾನ್ ಟೆಟ್ರಾಫ್ಲೋರೈಡ್ ಒಂದ್ಸಲ ಕೈಯಾರೆ ಮಾಡಿ. ಇರೋದು 8 ಮತ್ತೆ 28, ಒಟ್ಟು 36. ನಾಲ್ಕು ಗೆರೆಗೆ 8 ಹೋಯ್ತು, ನಾಲ್ಕು ಫ್ಲೋರಿನ್ ಮೇಲೆ ಆರಾರು ಚುಕ್ಕಿ ಅಂದ್ರೆ 24 ಹೋಯ್ತು, ಇನ್ನೂ 4 ಉಳೀತು, ಅದು ಜೆನಾನ್ ಮೇಲೆ ಎರಡು ಲೋನ್ ಪೇರ್. ಈ ಕೊನೇ ನಾಲ್ಕು ಚುಕ್ಕಿ ಮರೆತ್ರೆ ಮುಂದೆ ಶೇಪ್ ಕೇಳಿದಾಗ ಟೆಟ್ರಾಹೀಡ್ರಲ್ ಅಂತ ಬರೀತೀರಿ, ನಿಜವಾದ ಶೇಪ್ ಚಪ್ಪಟೆ ಚೌಕ. ಅಂದಹಾಗೆ ಜೆನಾನ್ ಯಾರ ಜೊತೆಗೂ ಸೇರಲ್ಲ ಅಂತಲೇ 1962ರ ತನಕ ಹೆಚ್ಚಿನವರು ನಂಬಿದ್ರು, ಆ ವರ್ಷ ನೀಲ್ ಬಾರ್ಟ್ಲೆಟ್ ಅನ್ನೋರು ಮೊದಲ ಕಾಂಪೌಂಡ್ ಮಾಡಿ ತೋರ್ಸಿದ್ರು.

ಎಂಟಕ್ಕಿಂತ ಕಮ್ಮಿಯಲ್ಲೇ ನೆಮ್ಮದಿಯಾಗಿರೋರೂ ಇದ್ದಾರೆ. ಬೋರಾನ್ ಟ್ರೈಫ್ಲೋರೈಡ್‌ಗೆ ಲೆಕ್ಕ ಹಾಕಿದ್ರೆ 32ರಲ್ಲಿ 24 ಹೋಗಿ 4 ಬಾಂಡ್ ಬರುತ್ತೆ, ಅಂದ್ರೆ ಒಂದು ಫ್ಲೋರಿನ್‌ಗೆ ಡಬಲ್. ಆದ್ರೆ ಹಾಗೆ ಮಾಡಿದ್ರೆ ಫ್ಲೋರಿನ್ ಮೇಲೆ +1, ಬೋರಾನ್ ಮೇಲೆ –1 ಬರುತ್ತೆ, ಎಲೆಕ್ಟ್ರೋನೆಗೆಟಿವಿಟಿಯಲ್ಲಿ ಎಲ್ಲರಿಗಿಂತ ಮೇಲಿರೋ ಫ್ಲೋರಿನ್‌ಗೆ ಪ್ಲಸ್, ಒಪ್ಪೋ ಮಾತಲ್ಲ. ಹಾಗಾಗಿ ಪುಸ್ತಕದಲ್ಲಿ ಮೂರು ಸಿಂಗಲ್ ಬಾಂಡ್, ಬೋರಾನ್ ಸುತ್ತ ಬರೀ 6. ಇಲ್ಲಿ ಮಾತ್ರ ಲೆಕ್ಕ ಸುಳಿವು ಕೊಡಲ್ಲ, ಬೋರಾನ್, ಬೆರಿಲಿಯಂ, ಅಲ್ಯೂಮಿನಿಯಂ ಕಂಡ್ರೆ ನೀವೇ ಹುಷಾರಾಗಬೇಕು. ಆ ಎರಡು ಎಲೆಕ್ಟ್ರಾನ್‌ನ ಹಸಿವಿಗೇ ಬೋರಾನ್ ಟ್ರೈಫ್ಲೋರೈಡ್ ಹೋಗಿ ಅಮೋನಿಯಾದ ಲೋನ್ ಪೇರ್‌ಗೆ ಕೈ ಹಾಕೋದು, ಹೀಗೆ ಲೋನ್ ಪೇರ್ ತಗೊಳ್ಳೋದು ಆಸಿಡ್, ಕೊಡೋದು ಬೇಸ್ ಅಂತ 1923ರಲ್ಲಿ ಹೊಸ ವ್ಯಾಖ್ಯೆ ಕೊಟ್ಟಿದ್ದೂ ಇದೇ ಲೂಯಿಸ್.

ಇನ್ನು ಒಟ್ಟು ಸಂಖ್ಯೆ ಬೆಸ ಬಂದ್ರೆ ಎಲ್ಲರಿಗೂ ಜೋಡಿ ಮಾಡೋಕೆ ಸಾಧ್ಯನೇ ಇಲ್ಲ, ಒಂದು ಒಂಟಿ ಚುಕ್ಕಿ ಉಳಿದೇ ಉಳಿಯುತ್ತೆ. ನೈಟ್ರಿಕ್ ಆಕ್ಸೈಡ್‌ಗೆ 11, ನೈಟ್ರೋಜನ್ ಡೈಆಕ್ಸೈಡ್‌ಗೆ 17. ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್‌ನ ತಣ್ಣಗೆ ಮಾಡಿದ್ರೆ ಬಣ್ಣ ಮಾಸ್ತಾ ಹೋಗೋದು, ಎರಡು ಮಾಲಿಕ್ಯೂಲ್ ತಮ್ಮ ಒಂಟಿ ಎಲೆಕ್ಟ್ರಾನ್ ಜೋಡಿಸ್ಕೊಂಡು ಬಣ್ಣವಿಲ್ಲದ ಡೈನೈಟ್ರೋಜನ್ ಟೆಟ್ರಾಕ್ಸೈಡ್ ಆಗೋದ್ರಿಂದ.

ಸಲ್ಫೇಟ್ ವಿಷಯದಲ್ಲಿ ಸ್ವಲ್ಪ ಜಗಳ ಇದೆ. ಲೆಕ್ಕ ಹಾಕಿದ್ರೆ 40ರಲ್ಲಿ 32 ಹೋಗಿ 4 ಬಾಂಡ್, ನಾಲ್ಕೂ ಸಿಂಗಲ್, ಎಂಟರ ರೂಲ್ ಪಕ್ಕಾ, ಆದ್ರೆ ಸಲ್ಫರ್ ಮೇಲೆ +2, ಆಕ್ಸಿಜನ್ ಪ್ರತಿಯೊಂದಕ್ಕೂ –1. ಎರಡು ಡಬಲ್ ಬಾಂಡ್ ಹಾಕಿದ್ರೆ ಸಲ್ಫರ್ ಮೇಲೆ ಸೊನ್ನೆ, ಆದ್ರೆ ಅದರ ಸುತ್ತ 12 ಎಲೆಕ್ಟ್ರಾನ್. ಪಿಯು ಪುಸ್ತಕ ಸಲ್ಫ್ಯೂರಿಕ್ ಆಸಿಡ್‌ಗೆ ಈ 12ರ ಚಿತ್ರನೇ ಕೊಡೋದು, ಪರೀಕ್ಷೆಯಲ್ಲಿ ಅದನ್ನೇ ಬರೀರಿ, ವಾದ ಬೇಡ. ಕಂಪ್ಯೂಟರ್ ಲೆಕ್ಕಾಚಾರಗಳ ಪ್ರಕಾರ ಎಂಟಕ್ಕಿಂತ ಹೆಚ್ಚು ಎಲೆಕ್ಟ್ರಾನ್‌ಗೆ ಜಾಗ ಕೊಡುತ್ತೆ ಅಂತ ಹೇಳ್ತಿದ್ದ ಸಲ್ಫರ್‌ನ ಡಿ ಆರ್ಬಿಟಲ್‌ಗಳ ಪಾತ್ರ ತೀರಾ ಕಮ್ಮಿ, ಮೊದಲನೇ ಚಿತ್ರನೇ ವಾಸ್ತವಕ್ಕೆ ಹತ್ತಿರ, ನನಗೂ ಅದೇ ಸರಿ ಅನ್ನಿಸುತ್ತೆ. ಅದನ್ನ ಎಂಎಸ್ಸಿಗೆ ಹೋದಾಗ ಜಗಳ ಆಡಿ.

ಕೊನೇದಾಗಿ ನಾವು ಉಸಿರಾಡೋ ಆಕ್ಸಿಜನ್. 16 ಬೇಕು, 12 ಇದೆ, ಡಬಲ್ ಬಾಂಡ್, ಒಂದೊಂದರ ಮೇಲೆ ಎರಡೆರಡು ಲೋನ್ ಪೇರ್, ಎಲ್ಲಾ ಜೋಡಿ ಜೋಡಿ, ಚಾರ್ಜ್ ಸೊನ್ನೆ, ಇಷ್ಟು ಚೆಂದದ ಸ್ಟ್ರಕ್ಚರ್ ಇನ್ನೊಂದಿಲ್ಲ. ಆದ್ರೆ ದ್ರವ ಆಕ್ಸಿಜನ್‌ನ ದೊಡ್ಡ ಮ್ಯಾಗ್ನೆಟ್‌ನ ಎರಡು ತುದಿ ಮಧ್ಯೆ ಸುರಿದ್ರೆ ಅದು ಕೆಳಗೆ ಬೀಳದೆ ಅಲ್ಲೇ ಅಂಟ್ಕೊಂಡು ನಿಲ್ಲುತ್ತೆ, ಯಾಕಂದ್ರೆ ಅದರಲ್ಲಿ ಜೋಡಿಯಿಲ್ಲದ ಎಲೆಕ್ಟ್ರಾನ್ ಎರಡಿವೆ. ಲೂಯಿಸ್ ಚಿತ್ರ ಇದನ್ನ ತೋರ್ಸೋದೇ ಇಲ್ಲ. ಅದಕ್ಕೇ ಅದೇ ಚಾಪ್ಟರ್ ಕೊನೆಯಲ್ಲಿ ಎಲೆಕ್ಟ್ರಾನ್ ಪೂರ್ತಿ ಮಾಲಿಕ್ಯೂಲ್‌ಗೆ ಹರಡಿರುತ್ತೆ ಅನ್ನೋ ಮಾಲಿಕ್ಯುಲರ್ ಆರ್ಬಿಟಲ್ ಥಿಯರಿ ಇಟ್ಟಿರೋದು. ಬಾಂಡ್ ಎಷ್ಟು ಅಂತ ಕೇಳಿದ್ರೆ ಲೂಯಿಸ್ ಸಾಕು, ಮ್ಯಾಗ್ನೆಟ್ ವಿಷಯ ಕೇಳಿದ್ರೆ ಆ ಕಡೆ ಹೋಗಿ. ಶೇಪ್ ಕೂಡ ಹಾಗೇ, ನೀರನ್ನ ಎಚ್–ಓ–ಎಚ್ ಅಂತ ನೆಟ್ಟಗೆ ಬರೆದ್ರೆ ಲೂಯಿಸ್ ಸ್ಟ್ರಕ್ಚರ್ ಆಗಿ ತಪ್ಪಿಲ್ಲ, ಅದು 104.5 ಡಿಗ್ರಿ ಕೋನದಲ್ಲಿ ಬಾಗಿದೆ ಅನ್ನೋದು ಲೋನ್ ಪೇರ್ ಎಣಿಸಿದ ಮೇಲಿನ ಮಾತು.

ಈಗ ನೀವೇ ಮಾಡಿ

ಅಸಿಟಿಲೀನ್ ಮಾಡಿ, ಎರಡು ಕಾರ್ಬನ್ ಎರಡು ಹೈಡ್ರೋಜನ್, 20 ಬೇಕು 10 ಇದೆ, 5 ಬಾಂಡ್, ಚುಕ್ಕಿ ಒಂದೂ ಉಳಿಯಲ್ಲ. ಫಾರ್ಮಾಲ್ಡಿಹೈಡ್ ಮಾಡಿ, ಒಟ್ಟು 12, ಬಾಂಡ್ 4, ಎರಡು ಹೈಡ್ರೋಜನ್ನೂ ಕಾರ್ಬನ್ ಮೇಲೆ. ನೈಟ್ರೋಸಿಲ್ ಕ್ಲೋರೈಡ್ ಮಾಡಿ, ಒಂದು ನೈಟ್ರೋಜನ್, ಒಂದು ಆಕ್ಸಿಜನ್, ಒಂದು ಕ್ಲೋರಿನ್, ಇದು ಎಲ್ಲರೂ ನೋಡಿರೋದಲ್ಲ. ಒಟ್ಟು 18, ಬಾಂಡ್ 3, ಮಧ್ಯದಲ್ಲಿ ನೈಟ್ರೋಜನ್. ಡಬಲ್ ಬಾಂಡ್ ಕ್ಲೋರಿನ್‌ಗೆ ಕೊಟ್ರೆ ಅದರ ಮೇಲೆ +1, ಆಕ್ಸಿಜನ್‌ಗೆ ಕೊಟ್ರೆ ಎಲ್ಲಾ ಸೊನ್ನೆ, ಸೋ ಓ=ಎನ್–ಸಿಎಲ್, ನೈಟ್ರೋಜನ್ ಮೇಲೆ ಒಂದು ಲೋನ್ ಪೇರ್ ಮರೀಬೇಡಿ.

ನೈಟ್ರಸ್ ಆಕ್ಸೈಡ್‌ಗೆ ಒಟ್ಟು 16, ಬಾಂಡ್ 4, ಸಾಲು ಎನ್–ಎನ್–ಓ. ಎನ್=ಎನ್=ಓ ಅಂತ ಬರೆದ್ರೆ ತುದಿಯ ನೈಟ್ರೋಜನ್ –1, ಮಧ್ಯ +1, ಆಕ್ಸಿಜನ್ 0. ಎನ್≡ಎನ್–ಓ ಅಂತ ಬರೆದ್ರೆ 0, +1, –1. ಎರಡೂ ಬರೀರಿ, ಒಂದನ್ನೇ ಆರಿಸು ಅಂದ್ರೆ ಮೈನಸ್ ಆಕ್ಸಿಜನ್ ಮೇಲಿರೋ ಎರಡನೇದು.

ಇದು ಬಂದೋರು ಹೈಡ್ರಜೋಯಿಕ್ ಆಸಿಡ್ ಹಿಡೀರಿ, ಒಂದು ಹೈಡ್ರೋಜನ್, ಸಾಲಾಗಿ ಮೂರು ನೈಟ್ರೋಜನ್, ಹೈಡ್ರೋಜನ್ ಒಂದು ತುದಿಯಲ್ಲಿ. 26 ಬೇಕು, 16 ಇದೆ, 5 ಬಾಂಡ್. ಒಪ್ಪೋ ಚಿತ್ರ ಎರಡು ಬರುತ್ತೆ, ಎರಡರಲ್ಲೂ ಮಧ್ಯದ ನೈಟ್ರೋಜನ್ +1, ಮೈನಸ್ ಮಾತ್ರ ಒಂದರಲ್ಲಿ ಆಚೆ ತುದಿಯಲ್ಲಿ, ಇನ್ನೊಂದರಲ್ಲಿ ಹೈಡ್ರೋಜನ್ ಪಕ್ಕದ ನೈಟ್ರೋಜನ್ ಮೇಲೆ. ಗೆರೆ ಐದು, ಚುಕ್ಕಿ ಆರು, ಹಾಗೆ ಬರ್ಲಿಲ್ಲ ಅಂದ್ರೆ ಇನ್ನೊಂದ್ಸಲ ಎಣಿಸಿ.